ಗೇರ್ ಲಿವರ್ ನಯವಾಗಿ ಬೀಳಲು ಎಲ್ಲಿಂದ ಶುರು ಮಾಡಬೇಕು

ಗೇರ್ ಹಾಕುವಾಗ ಕೈಗೆ ಹಿತವಿಲ್ಲ ಅನ್ನಿಸಿದ ಕೂಡಲೇ ಶಾರ್ಟ್ ಶಿಫ್ಟರ್ ಕೊಳ್ಳಲು ಹೊರಡಬೇಡಿ. ಅದು ಲಿವರ್‌ನ ಓಟವನ್ನು ಕಡಿಮೆ ಮಾಡುತ್ತದೆ ಅಷ್ಟೆ. ಸವೆದ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ಅಥವಾ ಪ್ಲಾಸ್ಟಿಕ್ ಬಳೆ) ಸವೆದೇ ಇರುತ್ತದೆ, ಮೇಲಾಗಿ ಪ್ರತಿ ಗೇರಿಗೂ ಹೆಚ್ಚು ಬಲ ಬೇಕಾಗುತ್ತದೆ. ಮೊದಲು ದೋಷ ಎಲ್ಲಿದೆ ಎಂದು ಹುಡುಕಬೇಕು.

ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಯಾವುದಾದರೂ ಒಂದು ಗೇರ್ ಬೀಳದಿದ್ದರೆ ಗಾಬರಿ ಬೇಡ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿರಬಹುದು. ಬೇರೆ ಗೇರಿಗೆ ಹಾಕಿ ತೆಗೆದು ಮತ್ತೆ ಪ್ರಯತ್ನಿಸಿ. ನಂತರ ಎಂಜಿನ್ ಆನ್ ಮಾಡಿ ಇದನ್ನೇ ಮಾಡಿ. ಎರಡೂ ಸಲ ಬಿಗಿಯೆನಿಸಿದರೆ ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕೇಬಲ್ ಅಥವಾ ಲಿಂಕೇಜ್ (ಕಡ್ಡಿಗಳ ಜೋಡಣೆ) ನೋಡಬೇಕು. ಎಂಜಿನ್ ಓಡುವಾಗ ಮಾತ್ರ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಗಾಡಿ ತಣ್ಣಗಿರುವಾಗ ಮಾತ್ರ ತೊಂದರೆಯಾದರೆ ಗೇರ್‌ಬಾಕ್ಸ್ ಆಯಿಲ್ ಕಡೆ ಗಮನ ಕೊಡಿ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಲಿವರ್ ತಾನೇ ಹಿಂದೆ ಮುಂದೆ ಆಡಿದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಮೌಂಟಿಂಗ್‌ನ ರಬ್ಬರ್ ಸೀಳಿರುವ ಸಾಧ್ಯತೆ ಹೆಚ್ಚು.

ಸಡಿಲಿಗೆ ಬಹುಪಾಲು ಕಾರಣ ಬುಷ್‌ಗಳೇ. ಈಗಿನ ಹೆಚ್ಚಿನ ಫ್ರಂಟ್ ವೀಲ್ ಡ್ರೈವ್ ಕಾರುಗಳಲ್ಲಿ ಎರಡು ಕೇಬಲ್‌ಗಳಿವೆ: ಲಿವರ್ ಎಡ-ಬಲ ಸರಿಸಿದಾಗ ಸಾಲು ಆರಿಸುವುದು ಒಂದು, ಮುಂದೆ-ಹಿಂದೆ ತಳ್ಳಿದಾಗ ಗೇರಿಗೆ ಹಾಕುವುದು ಇನ್ನೊಂದು. ಎಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಅಡ್ಡವಿದ್ದರೆ ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿ, ಒಬ್ಬರು ಒಳಗೆ ಕೂತು ಲಿವರನ್ನು ಮೆಲ್ಲಗೆ ಆಡಿಸಲಿ, ಇನ್ನೊಬ್ಬರು ಗೇರ್‌ಬಾಕ್ಸ್ ಮೇಲೆ ಕೇಬಲ್ ಎಳೆಯುವ ಆರ್ಮ್ ನೋಡಲಿ. ಕೇಬಲ್ ತುದಿ ಸರಿದರೂ ಆರ್ಮ್ ಕ್ಷಣ ತಡೆದು ಹೊರಟರೆ ಅಲ್ಲಿನ ಬುಷ್ ಹೋಗಿದೆ. ಲಿವರ್ ಕಡೆಯ ತುದಿಯನ್ನೂ, ಲಿವರ್ ಬೇಸ್‌ನ ಬೋಲ್ಟ್ ಕೆಳಗಿರುವ ರಬ್ಬರನ್ನೂ ಹೀಗೇ ಪರೀಕ್ಷಿಸಿ.

ಬದಲಿಗೆ ಪಾಲಿಯುರೆಥೇನ್ ಬುಷ್ ಒಳ್ಳೆಯ ಆಯ್ಕೆ. ಹಿತ್ತಾಳೆಯದು ಇನ್ನೂ ಗಟ್ಟಿ, ಆದರೆ ಗೇರ್‌ಬಾಕ್ಸಿನ ಸದ್ದು, ನಡುಕವನ್ನು ನೇರ ಕೈಗೆ ತರುತ್ತದೆ. ದಿನಬಳಕೆಯ ಕಾರಿಗೆ ಅದು ಬೇಡ. ಕೇಬಲ್ ತುದಿ ಬಿಚ್ಚುವಾಗ ಕ್ಲಿಪ್ ತೆಗೆದು ಎರಡೂ ಬದಿಯಿಂದ ಸಮನಾಗಿ ಎತ್ತಿ. ಒಂದೇ ಕಡೆಯಿಂದ ಮೀಟಿದರೆ ತುದಿಯ ಕಡ್ಡಿ ಬಾಗಿ, ಸಡಿಲು ಹೋಗಿ ಬಿಗಿ ಬರುತ್ತದೆ. ರಬ್ಬರ್, ಪ್ಲಾಸ್ಟಿಕ್ ಇರುವಲ್ಲಿ ಸಿಲಿಕೋನ್ ಗ್ರೀಸ್ ಹಚ್ಚಿ. ಪೆಟ್ರೋಲಿಯಂ ಗ್ರೀಸ್ ಹಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ತುದಿಗಳು ಬಿಚ್ಚಿರುವಾಗಲೇ ಕೇಬಲನ್ನು ಕೈಯಲ್ಲಿ ಎಳೆದು ತಳ್ಳಿ. ಮರಳು ಸಿಕ್ಕಂತೆ ಕರಕರ ಎಂದರೆ ಕೇಬಲನ್ನೇ ಬದಲಿಸಿ.

ಮತ್ತೆ ಜೋಡಿಸಿದ ಮೇಲೆ ಕೇಬಲ್ ಅಡ್ಜಸ್ಟ್ ಮಾಡಲೇಬೇಕು. ಲಿವರ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ನ್ಯೂಟ್ರಲ್‌ನಲ್ಲಿ ಹಿಡಿದಿಟ್ಟು (ಹಲವು ಕಾರುಗಳಲ್ಲಿ ಇದಕ್ಕೆಂದೇ ಪಿನ್ ತೂರಿಸುವ ತೂತು ಇರುತ್ತದೆ) ಅಡ್ಜಸ್ಟರ್ ಸಡಿಲಿಸಿ, ಕೇಬಲ್ ತಾನಾಗಿ ನಿಂತ ಜಾಗದಲ್ಲೇ ಲಾಕ್ ಮಾಡಿ. ಇದು ತಪ್ಪಿದರೆ ಗೇರ್ ಅರ್ಧ ಮಾತ್ರ ಕೂತು, ಓಡುವಾಗ ಹಾರಿಬಿಡುತ್ತದೆ.

ರಿಯರ್ ವೀಲ್ ಡ್ರೈವ್ ಕಾರುಗಳಲ್ಲಿ ಸಾಮಾನ್ಯವಾಗಿ ಲಿವರ್ ಗೇರ್‌ಬಾಕ್ಸ್ ಮೇಲೇ ಕೂತಿರುತ್ತದೆ. ಅಲ್ಲಿ ಲಿವರ್ ಬುಡದ ನೈಲಾನ್ ಕಪ್ ಮತ್ತು ಹರಿದ ರಬ್ಬರ್ ಬೂಟ್ ನೋಡಿದರೆ ಸಾಕು.

ಆಯಿಲ್ ವಿಷಯದಲ್ಲಿ ಕಾರಿನ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಅಲ್ಲಿ ಗೇರ್ ಆಯಿಲ್ ದರ್ಜೆ ಜಿಎಲ್-4 ಎಂದಿದ್ದರೆ, ನಂಬರ್ ದೊಡ್ಡದೆಂದು ಜಿಎಲ್-5 ಹಾಕಬೇಡಿ. ಗೇರ್ ಬೀಳುವ ಮುನ್ನ ತಿರುಗುವ ಭಾಗಗಳ ವೇಗವನ್ನು ಸಮ ಮಾಡುವ ಸಿಂಕ್ರೊನೈಸರ್ ರಿಂಗ್ ಕೆಲಸ ಮಾಡುವುದೇ ಘರ್ಷಣೆಯಿಂದ. ಜಿಎಲ್-5ರ ಕೆಲವು ಆಯಿಲ್‌ಗಳು ಅದರ ಹಿಡಿತ ತಪ್ಪಿಸುತ್ತವೆ, ಅವುಗಳಲ್ಲಿನ ಗಂಧಕದ ಅಂಶ ಆ ರಿಂಗಿನ ಹಿತ್ತಾಳೆಯನ್ನು ತಿನ್ನಲೂಬಹುದು. ಆಯಿಲ್ ಎಷ್ಟು ಮಂದವಿರಬೇಕು, ಅಂದರೆ 75ಡಬ್ಲ್ಯು-90 ಬೇಕೋ 75ಡಬ್ಲ್ಯು-80 ಬೇಕೋ ಎಂಬುದನ್ನೂ ಕೈಪಿಡಿಯಲ್ಲೇ ನೋಡಿ.

ಬದಲಿಸುವ ಮುನ್ನ 15 ನಿಮಿಷ ಓಡಿಸಿ ಬಿಸಿ ಮಾಡಿ. ಸಮತಟ್ಟಾದ ಜಾಗದಲ್ಲಿ, ಜ್ಯಾಕ್ ಒಂದನ್ನೇ ನಂಬದೆ ನಾಲ್ಕು ಸ್ಟ್ಯಾಂಡ್ ಮೇಲೆ ಗಾಡಿಯನ್ನು ಮಟ್ಟವಾಗಿ ನಿಲ್ಲಿಸಿ. ತುಂಬುವ ಪ್ಲಗ್ ಮೊದಲು ಬಿಚ್ಚಿ, ಆಮೇಲೆ ಕೆಳಗಿನ ಡ್ರೇನ್ ಪ್ಲಗ್. ಡ್ರೇನ್ ಮೊದಲು ಬಿಚ್ಚಿ, ತುಂಬುವ ಪ್ಲಗ್ ಜಾಮ್ ಆಗಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾದೀತು. ಡ್ರೇನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಕೆಸರು ಅಂಟಿರುವುದು ಸಹಜ. ಲೋಹದ ಚೂರು ಕಂಡರೆ ಒಳಗೆ ಏನೋ ಮುರಿದಿದೆ. ಹೊಸ ವಾಷರ್ ಹಾಕಿ. ಸಣ್ಣ ಕಾರುಗಳಿಗೆ ಸುಮಾರು 2 ಲೀಟರ್ ಹಿಡಿಯುತ್ತದೆ. ಹೆಚ್ಚಿನವುಗಳಲ್ಲಿ ತುಂಬುವ ತೂತಿನ ಅಂಚಿನಿಂದ ಸೋರಲು ತೊಡಗಿದರೆ ಮಟ್ಟ ಸರಿ, ಕೆಲವಕ್ಕೆ ಅಳೆದೇ ಹಾಕಬೇಕು.

ಕ್ಲಚ್ ಅನುಮಾನವಿದ್ದರೆ: ಎಂಜಿನ್ ಐಡಲ್‌ನಲ್ಲಿರಲಿ, ಪೆಡಲ್ ಪೂರ್ತಿ ಒತ್ತಿ 5 ಸೆಕೆಂಡ್ ಕಾದು ನಿಧಾನವಾಗಿ ರಿವರ್ಸ್ ಹಾಕಿ. ಕರ್ರ್ ಎಂದರೆ ಕ್ಲಚ್ ಪ್ಲೇಟ್ ಇನ್ನೂ ಎಂಜಿನ್ ಜೊತೆ ತಿರುಗುತ್ತಿದೆ. ಹೈಡ್ರಾಲಿಕ್ ಕ್ಲಚ್ ಆದರೆ ಫ್ಲೂಯಿಡ್ ಬದಲಿಸಿ, ಲೈನಿನಲ್ಲಿರುವ ಏರ್ ತೆಗೆಯಿರಿ. ನಡುವೆ ಫ್ಲೂಯಿಡ್ ಡಬ್ಬಿ ಖಾಲಿಯಾಗಲು ಬಿಡಬೇಡಿ. ಹಲವು ಕಾರುಗಳಲ್ಲಿ ಬ್ರೇಕಿಗೂ ಅದೇ ಡಬ್ಬಿ. ಕೇಬಲ್ ಕ್ಲಚ್ ಆದರೆ ಪೆಡಲ್ ಫ್ರೀ ಪ್ಲೇ (ಕ್ಲಚ್ ಹಿಡಿಯುವ ಮುನ್ನ ಪೆಡಲ್ ಸಡಿಲಾಗಿ ಇಳಿಯುವ ಅಂತರ) ಸರಿಪಡಿಸಿ.

ಓಡುವಾಗ ಒಂದೇ ಗೇರ್, ಹೆಚ್ಚಾಗಿ ಎರಡನೆಯದು, ಕರಕರ ಎನ್ನುತ್ತಿದ್ದರೆ ಆ ಸಿಂಕ್ರೊನೈಸರ್ ಸವೆದಿದೆ. ಗೇರ್‌ಬಾಕ್ಸ್ ಬಿಚ್ಚದೆ ಅದಕ್ಕೆ ಪರಿಹಾರವಿಲ್ಲ, ಯಾವ ಬುಷ್ಷೂ ಅದನ್ನು ಮುಚ್ಚಿಡಲಾರದು.

ಇಷ್ಟೂ ಸರಿಯಿದ್ದರೆ ಭಾರದ ಗೇರ್ ನಾಬ್ ಹಾಕಿ ನೋಡಿ. ಚಲಿಸತೊಡಗಿದ ಭಾರ ಲಿವರನ್ನು ಮುಂದಕ್ಕೆ ಒಯ್ಯುವುದರಿಂದ ಗೇರ್ ಬೀಳುವಾಗಿನ ಸಣ್ಣ ತಡೆ ಕೈಗೆ ತಿಳಿಯುವುದಿಲ್ಲ. ಅದಾದ ಮೇಲೂ ಓಟ ಉದ್ದವೆನಿಸಿದರೆ ಆಗ ಶಾರ್ಟ್ ಶಿಫ್ಟರ್ ಹಾಕಿಸಬಹುದು.