ನಿಮಗೆ ಒಗ್ಗುವ ಆಪ್ತಸಮಾಲೋಚಕರನ್ನು ಹುಡುಕಿಕೊಳ್ಳುವ ಬಗೆ

ಕಾಲು ಉಳುಕಿದವರು ಮೂಳೆ ವೈದ್ಯರನ್ನು ಹುಡುಕುವಾಗ ಅವರ ಕಾಲಷ್ಟೇ ನೋಯುತ್ತಿರುತ್ತದೆ. ವಿಚಾರಿಸುವ, ಹೋಲಿಸಿ ನೋಡುವ, ನಿರ್ಧರಿಸುವ ಶಕ್ತಿಗೆ ಏನೂ ಆಗಿರುವುದಿಲ್ಲ. ಖಿನ್ನತೆಯಿಂದಲೋ ತೀವ್ರ ಆತಂಕದಿಂದಲೋ ಬಳಲುವವರ ಪಾಡು ಹಾಗಲ್ಲ. ಹುಡುಕುವುದಕ್ಕೆ ಯಾವ ಮನಸ್ಸು ಬೇಕೋ ಅದೇ ಮನಸ್ಸು ದಣಿದಿರುತ್ತದೆ. ಹೀಗಾಗಿ ಅನೇಕರು ಮೊದಲು ಸಿಕ್ಕವರ ಬಳಿ ಹೋಗಿ, ಎರಡು ಭೇಟಿಗಳಲ್ಲಿ ಅದು ಒಗ್ಗದಿದ್ದಾಗ ‘ನನಗೆ ಇದರಿಂದೆಲ್ಲ ಪ್ರಯೋಜನವಿಲ್ಲ’ ಎಂದು ತೀರ್ಮಾನಿಸಿ ಕೈಬಿಡುತ್ತಾರೆ. ಒಬ್ಬ ಚಿಕಿತ್ಸಕರು ಒಗ್ಗಲಿಲ್ಲ ಎಂಬುದೇ ಬೇರೆ, ಚಿಕಿತ್ಸೆಯೇ ಒಗ್ಗುವುದಿಲ್ಲ ಎಂಬುದೇ ಬೇರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು, ಕೆಲಸವನ್ನು ಸಣ್ಣ ತುಂಡುಗಳಾಗಿ ಮಾಡಿಕೊಳ್ಳುವುದು ಒಳ್ಳೆಯದು: ಇಂದು ನಾಲ್ಕು ಹೆಸರುಗಳನ್ನು ಬರೆದುಕೊಳ್ಳುವುದು, ನಾಳೆ ಅವುಗಳಲ್ಲಿ ಎರಡಕ್ಕೆ ಕರೆ ಮಾಡುವುದು. ಕರೆ ಮಾಡುವುದೂ ಕಷ್ಟವೆನಿಸಿದರೆ ನಂಬಿಕಸ್ಥರೊಬ್ಬರಿಗೆ ಆ ಕೆಲಸವನ್ನು ವಹಿಸಬಹುದು. ಆಯ್ಕೆ ಮಾತ್ರ ನಿಮ್ಮದೇ ಆಗಿರಲಿ.

ಆದರೆ ಕೆಲವು ಸಂದರ್ಭಗಳಲ್ಲಿ ಹೀಗೆ ನಿಧಾನವಾಗಿ ಹುಡುಕುತ್ತ ಕೂರಬಾರದು. ಸಾಯುವ ಯೋಚನೆ ಬರುತ್ತಿದ್ದರೆ, ಅದಕ್ಕಾಗಿ ಯೋಜನೆಯೂ ರೂಪುಗೊಳ್ಳುತ್ತಿದ್ದರೆ, ಇತರರಿಗೆ ಕೇಳಿಸದ ಧ್ವನಿಗಳು ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದಿದ್ದರೂ ದಣಿವೇ ಕಾಣದಷ್ಟು ಹುರುಪು ಏರಿದ್ದರೆ, ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು ಅಥವಾ ಸಹಾಯವಾಣಿಗೆ ಕರೆ ಮಾಡಬೇಕು. ದೀರ್ಘಕಾಲದ ಚಿಕಿತ್ಸಕರನ್ನು ಹುಡುಕುವ ಕೆಲಸ ಆ ಘಳಿಗೆ ದಾಟಿದ ಮೇಲಿನದು.

ಯಾರ ಕೆಲಸ ಯಾವುದು

ಮನೋವೈದ್ಯರು ಮೊದಲು ವೈದ್ಯಕೀಯ ಪದವಿ ಪಡೆದು, ಆನಂತರ ಮನೋರೋಗ ವಿಭಾಗದಲ್ಲಿ ಪರಿಣತಿ ಪಡೆದವರು. ರೋಗವನ್ನು ಗುರುತಿಸಿ ಔಷಧಿ ಬರೆಯುವುದು ಅವರ ಮುಖ್ಯ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳುವವರು ಮನೋವಿಜ್ಞಾನದಲ್ಲಿ ಉನ್ನತ ವ್ಯಾಸಂಗ ಮಾಡಿ, ಮನೋಪರೀಕ್ಷೆಗಳಲ್ಲಿಯೂ ಮಾತಿನ ಮೂಲಕ ನಡೆಯುವ ಚಿಕಿತ್ಸೆಯಲ್ಲಿಯೂ ತರಬೇತಿ ಪಡೆದಿರುತ್ತಾರೆ. ಬಹುತೇಕ ಕಡೆಗಳಲ್ಲಿ ಇವರು ಔಷಧಿ ಬರೆಯುವಂತಿಲ್ಲ. ಆಪ್ತಸಮಾಲೋಚಕರು ಸಾಮಾನ್ಯವಾಗಿ ಅಗಲಿಕೆ, ದಾಂಪತ್ಯ, ಉದ್ಯೋಗ, ಓದಿನ ಒತ್ತಡ ಮುಂತಾದ ಬದುಕಿನ ಸಂಕಟಗಳಲ್ಲಿ ನೆರವಾಗುತ್ತಾರೆ, ಆದರೆ ಅವರ ತರಬೇತಿಯ ಆಳ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆಯಾಗಿರುತ್ತದೆ. ಎರಡು ವರ್ಷಗಳ ವ್ಯಾಸಂಗ ಮತ್ತು ಮೇಲ್ವಿಚಾರಣೆಯಲ್ಲಿ ನೂರಾರು ಗಂಟೆಗಳ ಅನುಭವ ಇರುವವರೂ ಆ ಹೆಸರನ್ನು ಬಳಸುತ್ತಾರೆ, ವಾರಾಂತ್ಯದ ಶಿಬಿರವೊಂದನ್ನು ಮುಗಿಸಿದವರೂ ಬಳಸುತ್ತಾರೆ.

ಈ ಗೊಂದಲಕ್ಕೆ ಕಾನೂನೇ ಕೆಲವೊಮ್ಮೆ ಎಡೆಮಾಡಿಕೊಟ್ಟಿದೆ. ಬ್ರಿಟನ್ನಿನಲ್ಲಿ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬ ಹೆಸರನ್ನು ನೋಂದಣಿಯಿಲ್ಲದವರು ಬಳಸುವಂತಿಲ್ಲ. ಆದರೆ ‘ಕೌನ್ಸೆಲರ್’, ‘ಸೈಕೋಥೆರಪಿಸ್ಟ್’ ಎಂಬ ಹೆಸರುಗಳಿಗೆ ಅಂಥ ರಕ್ಷಣೆಯಿಲ್ಲ. ಆದ್ದರಿಂದ ಬಾಗಿಲಿನ ಮೇಲಿನ ಫಲಕವನ್ನು ನೋಡಿ ಸುಮ್ಮನಾಗದೆ, ಅವರ ಪದವಿ ಯಾವುದು, ಯಾವ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದಾರೆ, ನೋಂದಣಿ ಸಂಖ್ಯೆ ಏನು ಎಂಬುದನ್ನು ಕೇಳಿ, ಸಾಧ್ಯವಾದರೆ ಆ ಮಂಡಳಿಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಬೇಕು. ಹೀಗೆ ಕೇಳುವುದು ಅವಮರ್ಯಾದೆಯೇನಲ್ಲ. ಕೇಳಿದ್ದಕ್ಕೆ ಸಿಡುಕುವವರ ಬಳಿ ನಿಮ್ಮ ಗುಟ್ಟುಗಳನ್ನು ಹೇಳಿಕೊಳ್ಳುವುದಾದರೂ ಹೇಗೆ?

ಇದರ ಜೊತೆಗೆ ಒಮ್ಮೆ ಸಾಮಾನ್ಯ ವೈದ್ಯರನ್ನು ಕಂಡು ದೇಹದ ತಪಾಸಣೆ ಮಾಡಿಸಿಕೊಳ್ಳುವುದು ಉಚಿತ. ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡುವುದರಿಂದಲೂ ರಕ್ತಹೀನತೆಯಿಂದಲೂ ಬಿ12 ಜೀವಸತ್ವದ ಕೊರತೆಯಿಂದಲೂ ಖಿನ್ನತೆಯನ್ನೇ ಹೋಲುವ ಆಯಾಸ ಮತ್ತು ನಿರಾಸಕ್ತಿ ಉಂಟಾಗಬಹುದು.

ತೊಂದರೆಗೆ ತಕ್ಕ ವಿಧಾನ

ಹೋಗುವ ಮುನ್ನ ಅರ್ಧ ಪುಟ ಬರೆದಿಟ್ಟುಕೊಳ್ಳಿ: ಏನು ಕಾಡುತ್ತಿದೆ, ಎಂದಿನಿಂದ, ದಿನದ ಯಾವ ಕೆಲಸಕ್ಕೆ ಅದು ಅಡ್ಡಿಯಾಗಿದೆ, ಚಿಕಿತ್ಸೆ ಫಲಿಸಿದರೆ ಬದುಕಿನಲ್ಲಿ ಯಾವುದು ಬದಲಾಗಿರಬೇಕು. ‘ನೆಮ್ಮದಿ ಬೇಕು’ ಎನ್ನುವುದಕ್ಕಿಂತ ‘ಸಭೆಯಲ್ಲಿ ಮಾತನಾಡುವಾಗ ಎದೆ ಹೊಡೆದುಕೊಳ್ಳುವುದು ನಿಲ್ಲಬೇಕು’ ಎಂದು ಬರೆದುಕೊಂಡವರಿಗೆ ತಕ್ಕ ವ್ಯಕ್ತಿ ಬೇಗ ಸಿಗುತ್ತಾರೆ, ಏಕೆಂದರೆ ಎಲ್ಲ ವಿಧಾನಗಳೂ ಎಲ್ಲ ತೊಂದರೆಗಳಿಗೂ ಸಮನಾಗಿ ಹೊಂದುವುದಿಲ್ಲ. 1960ರ ದಶಕದಲ್ಲಿ ಆರನ್ ಬೆಕ್ ರೂಪಿಸಿದ, ಯೋಚನೆಯ ಜಾಡನ್ನು ಗುರುತಿಸಿ ಅದನ್ನೂ ನಡವಳಿಕೆಯನ್ನೂ ತಿದ್ದುವ ಚಿಕಿತ್ಸೆ, ಅಂದರೆ ಸಿಬಿಟಿ, ಖಿನ್ನತೆ ಮತ್ತು ಆತಂಕಗಳಿಗೆ ಬಹಳವಾಗಿ ಪರೀಕ್ಷೆಗೊಳಗಾಗಿರುವ ವಿಧಾನ. ಪದೇ ಪದೇ ತಮಗೆ ತಾವೇ ಹಾನಿ ಮಾಡಿಕೊಳ್ಳುವವರಿಗಾಗಿ ಮಾರ್ಷಾ ಲಿನೆಹನ್ ರೂಪಿಸಿದ, ಉಕ್ಕುವ ಭಾವನೆಗಳನ್ನು ತಾಳಿಕೊಳ್ಳುವ ಕೌಶಲಗಳನ್ನು ಕಲಿಸುವ ಡಿಬಿಟಿ ಎಂಬ ಚಿಕಿತ್ಸೆ ಇದೆ. ಅಪಘಾತ, ಹಿಂಸೆ ಮೊದಲಾದ ಆಘಾತಗಳ ನೆನಪು ಕಾಡುವವರಿಗೆ ಆ ನೆನಪನ್ನೇ ಕೇಂದ್ರವಾಗಿಟ್ಟುಕೊಂಡ ಸಿಬಿಟಿ ಅಥವಾ ಕಣ್ಣುಗಳನ್ನು ಎಡಬಲಕ್ಕೆ ಆಡಿಸುತ್ತ ಆ ನೆನಪನ್ನು ಮೆಲುಕು ಹಾಕಿಸುವ ಇಎಂಡಿಆರ್‌ನಲ್ಲಿ ತರಬೇತಾದವರು ಬೇಕು. ಅತಿ ಹುರುಪೂ ಖಿನ್ನತೆಯೂ ಬಂದು ಹೋಗುವ ಬೈಪೋಲಾರ್ ಕಾಯಿಲೆಯಲ್ಲಿಯೂ, ಇಲ್ಲದ ಧ್ವನಿಗಳು ಮತ್ತು ಹುಸಿ ನಂಬಿಕೆಗಳು ಕಾಡುವ ಸ್ಕಿಜೋಫ್ರೇನಿಯಾದಲ್ಲಿಯೂ ಔಷಧಿಯೇ ತಳಹದಿ; ಮಾತಿನ ಚಿಕಿತ್ಸೆ ಅದರ ಜೊತೆಗೆ ಸೇರುತ್ತದೆ, ಅದರ ಜಾಗವನ್ನು ತುಂಬುವುದಿಲ್ಲ.

ವಿಧಾನ ಎಷ್ಟು ಮುಖ್ಯವಾಗಬಲ್ಲದು ಎಂಬುದಕ್ಕೆ ಗೀಳು ಕಾಯಿಲೆಯೇ ಸ್ಪಷ್ಟ ನಿದರ್ಶನ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಇಪ್ಪತ್ತು ಸಲ ನೋಡಿ ಬರುವವರು ಸಮಾಲೋಚಕರ ಬಳಿ ಬಂದಾಗ, ಒಳ್ಳೆಯ ಮನಸ್ಸಿನವರಾದರೂ ಈ ಕಾಯಿಲೆಯಲ್ಲಿ ತರಬೇತಿಯಿಲ್ಲದವರು ‘ಏನೂ ಆಗುವುದಿಲ್ಲ, ಬೀಗ ಹಾಕಿದ್ದೀರಿ, ಚಿಂತೆ ಬೇಡ’ ಎಂದು ಧೈರ್ಯ ತುಂಬುತ್ತಾರೆ. ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ಆ ಭರವಸೆಯೇ ಇನ್ನೊಂದು ಸಲ ಪರೀಕ್ಷಿಸಿ ನೋಡಿದ್ದಕ್ಕೆ ಸಮನಾಗಿ, ಮರುದಿನ ಮತ್ತೆ ಅದೇ ಭರವಸೆ ಬೇಕಾಗುತ್ತದೆ, ಗೀಳು ಬಲಿಯುತ್ತದೆ. ಇದಕ್ಕೆ ಒಪ್ಪಿತವಾದ ಚಿಕಿತ್ಸೆ ನೇರ ವಿರುದ್ಧ ದಿಕ್ಕಿನದು. ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ಪ್ರಯೋಗದಿಂದ ಬೆಳೆದು ಬಂದ, ಇಆರ್‌ಪಿ ಎಂದು ಕರೆಯಲಾಗುವ ಈ ವಿಧಾನದಲ್ಲಿ ಭಯ ಹುಟ್ಟಿಸುವ ಸನ್ನಿವೇಶವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಿ, ಮತ್ತೆ ಹೋಗಿ ನೋಡಬೇಕೆಂಬ ಒತ್ತಾಸೆಯನ್ನು ತಡೆಹಿಡಿದು, ಆತಂಕ ತಾನಾಗಿ ಇಳಿಯುವವರೆಗೂ ಕಾಯುವುದನ್ನು ಕಲಿಸಲಾಗುತ್ತದೆ. ಆದ್ದರಿಂದ ಗೀಳಿನ ತೊಂದರೆಯಿರುವವರು ‘ನೀವು ಇಆರ್‌ಪಿ ಮಾಡುತ್ತೀರಾ?’ ಎಂದು ನೇರವಾಗಿಯೇ ಕೇಳಬೇಕು. ಮೃದು ಮಾತು ಮನಸ್ಸಿಗೆ ಹಿತವಾಗಿದ್ದ ಮಾತ್ರಕ್ಕೆ ಚಿಕಿತ್ಸೆಯೂ ಆಗಿರಬೇಕೆಂದಿಲ್ಲ.

ಮೊದಲ ಕರೆ

ಹೆಸರುಗಳು ಹಲವು ದಾರಿಗಳಲ್ಲಿ ಸಿಗುತ್ತವೆ: ಪರಿಚಿತ ವೈದ್ಯರು, ನೋಂದಣಿ ಮಂಡಳಿಯ ಪಟ್ಟಿ, ದೊಡ್ಡ ಆಸ್ಪತ್ರೆಗಳ ಮನೋವೈದ್ಯ ವಿಭಾಗ, ಕಾಲೇಜು ಅಥವಾ ಕಚೇರಿಯ ಸಮಾಲೋಚನಾ ಸೌಲಭ್ಯ. ಕೈಯಲ್ಲಿ ಹಣ ಕಡಿಮೆಯಿರುವವರು ವಿಶ್ವವಿದ್ಯಾಲಯಗಳ ತರಬೇತಿ ಚಿಕಿತ್ಸಾಲಯಗಳನ್ನು ವಿಚಾರಿಸಬಹುದು. ಅಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳ ಶ್ರದ್ಧೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಗೆಳೆಯರ ಶಿಫಾರಸು ಒಳ್ಳೆಯದೇ, ಆದರೆ ನಿಮ್ಮ ಅಕ್ಕನಿಗೋ ಆಪ್ತ ಗೆಳತಿಗೋ ಚಿಕಿತ್ಸೆ ಕೊಡುತ್ತಿರುವವರ ಬಳಿಯೇ ನೀವೂ ಹೋಗುವುದು ಮುಂದೆ ಇಕ್ಕಟ್ಟಿಗೆ ದಾರಿಯಾಗಬಹುದು.

ಕರೆ ಮಾಡಿದಾಗ ನಿಮ್ಮ ಇಡೀ ಕಥೆಯನ್ನು ಹೇಳಬೇಕಾಗಿಲ್ಲ. ತೊಂದರೆಯನ್ನು ಎರಡು ವಾಕ್ಯಗಳಲ್ಲಿ ತಿಳಿಸಿ, ಇಂಥ ತೊಂದರೆಯವರೊಂದಿಗೆ ಅವರಿಗೆ ಎಷ್ಟು ಅನುಭವವಿದೆ, ಯಾವ ವಿಧಾನದಲ್ಲಿ ಕೆಲಸ ಮಾಡುತ್ತಾರೆ, ಆರಂಭದ ಕೆಲವು ಭೇಟಿಗಳು ಹೇಗಿರುತ್ತವೆ, ಶುಲ್ಕ ಎಷ್ಟು, ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು ಎಂಬುದನ್ನು ಕೇಳಿದರೆ ಸಾಕು. ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷಗಳದು, ಹೆಚ್ಚಾಗಿ ವಾರಕ್ಕೊಮ್ಮೆ. ಸಿಬಿಟಿಯಂಥ ಚಿಕಿತ್ಸೆ ಅನೇಕ ವೇಳೆ 12ರಿಂದ 20 ಭೇಟಿಗಳಷ್ಟು ನಡೆಯುತ್ತದೆ. ಈ ಲೆಕ್ಕವನ್ನು ನಿಮ್ಮ ಜೇಬಿನ ಮತ್ತು ಸಮಯದ ಲೆಕ್ಕದೊಂದಿಗೆ ಹೊಂದಿಸಿ ನೋಡಿ. ನಡುವೆ ನಿಲ್ಲಿಸಬೇಕಾಗಿ ಬರುವ ದುಬಾರಿ ಚಿಕಿತ್ಸೆಗಿಂತ ಕೊನೆಯವರೆಗೂ ನಿಭಾಯಿಸಬಲ್ಲದ್ದು ಮೇಲು.

ಭಾಷೆಯ ವಿಷಯವನ್ನು ಕಡೆಗಣಿಸಬೇಡಿ. ಕಚೇರಿಯಲ್ಲಿ ಬೇರೆ ಭಾಷೆಯನ್ನು ಸರಾಗವಾಗಿ ಆಡುವವರಿಗೂ ಅಳು ಬರುವುದು ತಾಯ್ನುಡಿಯಲ್ಲಿಯೇ. ದುಃಖ, ಬೇಸರ, ಸಂಕಟ, ತಳಮಳ, ಹಳಹಳಿಕೆ ಇವು ಬೇರೆ ಬೇರೆ ಎಂಬುದನ್ನು ವಿವರಿಸದೆಯೇ ಅರಿಯುವವರು ಸಿಕ್ಕರೆ ಎಷ್ಟೋ ಶ್ರಮ ಉಳಿಯುತ್ತದೆ. ಹೆಣ್ಣೋ ಗಂಡೋ, ವಯಸ್ಸೆಷ್ಟು ಎಂಬ ವಿಷಯಗಳಲ್ಲಿ ನಿಮಗೆ ಆಯ್ಕೆಯಿದ್ದರೆ ಸಂಕೋಚವಿಲ್ಲದೆ ಹೇಳಬಹುದು.

ಗೋಪ್ಯತೆಯ ಮಿತಿಯನ್ನು ಮೊದಲ ಭೇಟಿಯಲ್ಲಿಯೇ ತಿಳಿದುಕೊಳ್ಳಬೇಕು. ನೀವು ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬುದು ನಿಯಮ; ಆದರೆ ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಗಂಡಾಂತರವಿದೆ ಎಂದು ಕಂಡಾಗ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ತಿಳಿದಾಗ, ನ್ಯಾಯಾಲಯ ಆದೇಶಿಸಿದಾಗ ಅದಕ್ಕೆ ಅಪವಾದಗಳಿರುತ್ತವೆ. ಇನ್ನೊಬ್ಬರ ಪ್ರಾಣಕ್ಕೆ ಅಪಾಯವಿದ್ದಾಗ ಅವರನ್ನು ರಕ್ಷಿಸಲು ಸೂಕ್ತ ಕ್ರಮ ಕೈಗೊಳ್ಳುವುದು ಚಿಕಿತ್ಸಕರ ಹೊಣೆ ಎಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸುಪ್ರೀಂ ಕೋರ್ಟು 1976ರ ತಾರಸಾಫ್ ಪ್ರಕರಣದಲ್ಲಿ ಹೇಳಿತು. ನಿಯಮದ ವಿವರಗಳು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ನಿಮ್ಮ ಚಿಕಿತ್ಸಕರನ್ನೇ ಕೇಳುವುದು ಸರಿ. ವಿಡಿಯೋ ಕರೆಯ ಮೂಲಕ ಭೇಟಿಯಾಗುವುದಾದರೆ ಇನ್ನೂ ಎರಡು ಸಂಗತಿಗಳಿವೆ: ನಿಮ್ಮ ಮಾತು ಗೋಡೆಯಾಚೆ ಕೇಳಿಸದ ಜಾಗವಿದೆಯೇ, ಮತ್ತು ತುರ್ತು ಸಂದರ್ಭದಲ್ಲಿ ಅವರು ಯಾರಿಗೆ ಕರೆ ಮಾಡಬೇಕು.

ಒಗ್ಗುತ್ತಿದೆಯೇ ಎಂದು ತಿಳಿಯುವುದು

1936ರಷ್ಟು ಹಿಂದೆಯೇ ಸಾಲ್ ರೋಸೆನ್‌ಜ್ವೈಗ್ ಎಂಬ ಮನೋವಿಜ್ಞಾನಿ, ಪರಸ್ಪರ ಬೇರೆಯಾದ ಚಿಕಿತ್ಸಾ ವಿಧಾನಗಳೆಲ್ಲ ಫಲ ಕೊಡುವುದಕ್ಕೆ ಅವುಗಳಲ್ಲಿ ಸಮಾನವಾಗಿರುವ ಅಂಶಗಳು ಕಾರಣವಿರಬಹುದು ಎಂದು ಸೂಚಿಸಿದ್ದರು. ಇನ್ನೊಬ್ಬ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1957ರಲ್ಲಿ ಸಹಾನುಭೂತಿ, ಷರತ್ತಿಲ್ಲದ ಆದರ, ಪ್ರಾಮಾಣಿಕತೆ ಇವು ಚಿಕಿತ್ಸಕರಲ್ಲಿ ಇರಬೇಕಾದ ಗುಣಗಳೆಂದು ಮುಂದಿಟ್ಟರು. ಆದರೆ ಚಿಕಿತ್ಸೆ ಬಯಸಿ ಬಂದವರ ಕೈಗೆ ಅಳತೆಗೋಲಿನಂತೆ ಸಿಗುವುದು ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಹೇಳಿದ ಮಾತು. ಚಿಕಿತ್ಸಕರಿಗೂ ನಿಮಗೂ ನಡುವಿನ ಒಡನಾಟಕ್ಕೆ ಮೂರು ಎಳೆಗಳಿವೆ ಎಂದು ಅವರು ಗುರುತಿಸಿದರು: ಗುರಿಯ ಬಗ್ಗೆ ಒಪ್ಪಂದ, ಆ ಗುರಿಗಾಗಿ ಮಾಡುವ ಕೆಲಸದ ಬಗ್ಗೆ ಒಪ್ಪಂದ, ಪರಸ್ಪರ ನಂಟು.

ಜನ ಸಾಮಾನ್ಯವಾಗಿ ಗಮನಿಸುವುದು ಮೂರನೆಯದನ್ನು ಮಾತ್ರ. ಅವರು ನಗುಮುಖದವರು, ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ ಎಂಬಲ್ಲಿಗೆ ತೃಪ್ತರಾಗುತ್ತಾರೆ. ಆದರೆ ನಿಮಗೆ ಬೇಕಾದದ್ದು ನಿದ್ದೆ, ಅವರು ಮಾತನಾಡಿಸುತ್ತಿರುವುದು ಬಾಲ್ಯದ ಬಗ್ಗೆ. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಅವರು ಹೇಳಿಲ್ಲ, ನೀವು ಕೇಳಿಲ್ಲ. ಹೀಗಾದರೆ ನಂಟು ಎಷ್ಟೇ ಗಟ್ಟಿಯಾಗಿದ್ದರೂ ಭೇಟಿಗಳು ಹರಟೆಯಾಗುತ್ತವೆ. ಮೂರನೆಯ ಅಥವಾ ನಾಲ್ಕನೆಯ ಭೇಟಿಯ ಹೊತ್ತಿಗೆ ‘ನಾವು ಯಾವುದಕ್ಕಾಗಿ ಕೆಲಸ ಮಾಡುತ್ತಿದ್ದೇವೆ, ಈ ವಾರ ಮಾಡುತ್ತಿರುವುದು ಅದಕ್ಕೆ ಹೇಗೆ ನೆರವಾಗುತ್ತದೆ’ ಎಂಬ ಪ್ರಶ್ನೆಗೆ ನೀವೇ ಉತ್ತರ ಹೇಳುವಂತಿರಬೇಕು. ಉತ್ತರ ಹೊಳೆಯದಿದ್ದರೆ ಅದನ್ನೇ ಅವರ ಮುಂದಿಡಿ.

ಹಾಗೆ ಮುಂದಿಟ್ಟಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನಾನು ಪದವಿಪತ್ರಗಳಷ್ಟೇ ಮುಖ್ಯವೆಂದು ಭಾವಿಸುತ್ತೇನೆ. ‘ಕಳೆದ ವಾರ ನೀವಾಡಿದ ಮಾತು ನನಗೆ ನೋವುಂಟುಮಾಡಿತು’ ಎಂದು ನೀವು ಹೇಳಿದಾಗ, ಒಳ್ಳೆಯ ಚಿಕಿತ್ಸಕರು ಅದನ್ನು ಕುತೂಹಲದಿಂದ ಕೇಳಿ, ತಪ್ಪಿದ್ದರೆ ಒಪ್ಪಿಕೊಂಡು, ದಾರಿಯನ್ನು ತಿದ್ದಿಕೊಳ್ಳುತ್ತಾರೆ. ಅವರು ಮುಖ ಗಂಟಿಕ್ಕಿದರೆ, ಅಥವಾ ನಿಮ್ಮ ಪ್ರತಿ ಆಕ್ಷೇಪವನ್ನೂ ನಿಮ್ಮ ಕಾಯಿಲೆಯ ಲಕ್ಷಣವೆಂದೇ ವ್ಯಾಖ್ಯಾನಿಸಿದರೆ, ಬೇರೆಯವರನ್ನು ಹುಡುಕುವ ಕಾಲ ಬಂದಿದೆ.

ಭೇಟಿಯ ನಂತರ ಮನಸ್ಸು ಭಾರವಾಗುವುದು ತಾನಾಗಿಯೇ ಕೆಟ್ಟ ಸೂಚನೆಯಲ್ಲ. ಹೂತಿಟ್ಟದ್ದನ್ನು ಹೊರತೆಗೆದ ದಿನ ಹಾಗಾಗುತ್ತದೆ. ಭಾರವಾದರೂ ಅರ್ಥವಾಯಿತು ಎನಿಸಿದರೆ ಮುಂದುವರಿಯಿರಿ. ಪ್ರತಿ ಸಲವೂ ಕುಗ್ಗಿ, ನಾಚಿಕೆಪಟ್ಟುಕೊಂಡು ಹೊರಬರುತ್ತಿದ್ದರೆ ಅದು ಬೇರೆ ಮಾತು. ಖಿನ್ನತೆಯಾಗಿದ್ದರೆ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿ ಅಳತೆಗೆ ನೆರವಾಗುತ್ತದೆ: ಹಿಂದಿನ ಎರಡು ವಾರಗಳ ಬಗ್ಗೆ 9 ಪ್ರಶ್ನೆಗಳು, ಒಟ್ಟು ಅಂಕ 0ರಿಂದ 27. ಎರಡು ವಾರಕ್ಕೊಮ್ಮೆ ತುಂಬಿದ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ‘ಏನೂ ಬದಲಾಗಿಲ್ಲ’ ಎಂಬ ಅನಿಸಿಕೆ ನಿಜವೋ, ಖಿನ್ನತೆಯೇ ಆಡಿಸುತ್ತಿರುವ ಮಾತೋ ಎಂಬುದು ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಎದ್ದು ಬರಬೇಕಾದಾಗ

ಕೆಲವು ನಡೆಗಳಿಗೆ ನಾಲ್ಕು ಭೇಟಿಗಳವರೆಗೆ ಕಾಯಬೇಕಾಗಿಲ್ಲ. ಗುಣಪಡಿಸುವ ಖಾತರಿ ಕೊಡುವವರು, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿ ಎನ್ನುವವರು, ಇತರ ರೋಗಿಗಳ ಕಥೆಯನ್ನು ಗುರುತು ಸಿಗುವಂತೆ ಹೇಳುವವರು, ಗೆಳೆತನವನ್ನೋ ವ್ಯವಹಾರವನ್ನೋ ಪ್ರೇಮವನ್ನೋ ನಡುವೆ ತರುವವರು ನಂಬಿಕೆಗೆ ಅರ್ಹರಲ್ಲ. ಚಿಕಿತ್ಸಕರು ದೈಹಿಕ ಸಂಬಂಧ ಬಯಸುವುದು ಯಾವ ಸಂದರ್ಭದಲ್ಲಿಯೂ ಚಿಕಿತ್ಸೆಯಲ್ಲ, ಅದನ್ನು ನೋಂದಣಿ ಮಂಡಳಿಗೆ ದೂರಬಹುದು. ಲೈಂಗಿಕ ಒಲವನ್ನು ‘ಸರಿಪಡಿಸುತ್ತೇವೆ’ ಎನ್ನುವವರಿಂದಲೂ ದೂರವಿರಬೇಕು. ಸಲಿಂಗ ಒಲವನ್ನು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೂ ರೋಗಗಳ ಪಟ್ಟಿಯಿಂದ ತೆಗೆದುಹಾಕಿವೆ.

ಇಂಥ ದೋಷವೇನೂ ಇಲ್ಲದೆ ಬರೀ ಹೊಂದಾಣಿಕೆಯಾಗದೆ ಬದಲಿಸುವುದಾದರೆ, ಸುಮ್ಮನೆ ಹೋಗುವುದನ್ನು ನಿಲ್ಲಿಸುವುದಕ್ಕಿಂತ ಒಂದು ಕೊನೆಯ ಭೇಟಿಯಲ್ಲಿ ಹೇಳಿ ಹೊರಡುವುದು ಲೇಸು. ‘ನನಗೆ ಬೇರೆ ರೀತಿಯ ನೆರವು ಬೇಕೆನಿಸುತ್ತಿದೆ, ನಿಮಗೆ ತಿಳಿದವರು ಯಾರಾದರೂ ಇದ್ದಾರೆಯೇ?’ ಎಂದರೆ ಸಾಕು. ಚಿಕಿತ್ಸಕರಿಗೆ ಇದು ಹೊಸತಲ್ಲ, ಹಲವರು ತಾವೇ ಹೆಸರು ಸೂಚಿಸುತ್ತಾರೆ. ಇದುವರೆಗೆ ನಡೆದ ಕೆಲಸದ ಸಂಕ್ಷಿಪ್ತ ಟಿಪ್ಪಣಿಯೊಂದನ್ನು ಬರೆದುಕೊಡುವಂತೆ ಕೇಳಿ, ಅದರ ಜೊತೆಗೆ ನೀವು ಮೊದಲು ಬರೆದಿಟ್ಟ ಅರ್ಧ ಪುಟವನ್ನೂ ತುಂಬಿದ ಪ್ರಶ್ನಾವಳಿಗಳನ್ನೂ ಹೊಸಬರ ಬಳಿಗೆ ಒಯ್ದರೆ, ಎಲ್ಲವನ್ನೂ ಮೊದಲಿನಿಂದ ಹೇಳಿಕೊಳ್ಳುವ ದಣಿವು ತಪ್ಪುತ್ತದೆ.