ಎದೆಯ ಎಕ್ಸ್‌ರೇ: ಚಂದ ಬಂದರೆ ಸಾಲದು, ಮೂಲೆಯ ಅಂಕಿ ನೋಡಿ

ಫಿಲ್ಮ್ ಕಾಲದಲ್ಲಿ ಕಿರಣ ಜಾಸ್ತಿ ಬಿದ್ದರೆ ಎಕ್ಸ್‌ರೇ ಮಸಿ ಬಳಿದಂತೆ ಕಪ್ಪಾಗುತ್ತಿತ್ತು. ಡಾರ್ಕ್‌ರೂಮಿನ ಬಾಗಿಲು ತೆರೆಯುವಾಗಲೇ ಬೈಗುಳ ಕಾದಿರುತ್ತಿತ್ತು. ಡಿಜಿಟಲ್ ಬಂದ ಮೇಲೆ ಆ ಹೆದರಿಕೆ ಹೋಯಿತು. ಕಿರಣ ಸಾಕಷ್ಟು ಜಾಸ್ತಿ ಬಿದ್ದರೂ ಕಂಪ್ಯೂಟರ್ ಚಿತ್ರವನ್ನು ಸರಿ ಮಾಡಿಕೊಡುತ್ತದೆ. ತೊಂದರೆ ಇರುವುದೇ ಅಲ್ಲಿ.

ಹೊಸ ಯಂತ್ರ ಬಂದಾಗ ನಾನೂ ಮೋಸ ಹೋಗಿದ್ದೇನೆ. ಯಾರಿಗೆ ಎಷ್ಟು ಕಿರಣ ಎಂದು ಬರೆದಿದ್ದ ಹಳೆಯ ಚಾರ್ಟ್ ನೋಡಿಕೊಂಡೇ ಎಕ್ಸ್‌ರೇ ತೆಗೆಯುತ್ತಿದ್ದೆ. ಚಿತ್ರ ಬೆಣ್ಣೆಯಂತೆ ನುಣ್ಣಗೆ ಬರುತ್ತಿತ್ತು. "ಭಾರೀ ಕ್ಲೀನ್ ಉಂಟು ಮಾರಾಯ್ರೆ" ಎಂದು ಡಾಕ್ಟರೂ ಹೊಗಳಿದರು. ವಾರ ಕಳೆದು ಪರದೆಯ ಮೂಲೆಯಲ್ಲಿದ್ದ ಡೀವಿಯೇಶನ್ ಇಂಡೆಕ್ಸ್, ಅಂದರೆ ಕಿರಣ ಹೆಚ್ಚೋ ಕಡಿಮೆಯೋ ಎಂದು ಹೇಳುವ ಅಂಕಿ, ಗಮನಿಸಿದೆ: +6! ಅಲ್ಲಿ ಸೊನ್ನೆ ಇದ್ದರೆ ಸರಿಯಾಗಿದೆ ಎಂದರ್ಥ. +3 ಎಂದರೆ ಬೇಕಾದ್ದಕ್ಕಿಂತ ದುಪ್ಪಟ್ಟು, +6 ಎಂದರೆ ನಾಲ್ಕು ಪಟ್ಟು. ಕಡಿಮೆ ಕಿರಣ ಹಾಕಿದರೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ನಾಯ್ಸ್ ಬರುತ್ತದೆ, ತಕ್ಷಣ ಗೊತ್ತಾಗುತ್ತದೆ. ಜಾಸ್ತಿ ಹಾಕಿದ್ದನ್ನು ಮಾತ್ರ ಚಿತ್ರ ಹೇಳುವುದೇ ಇಲ್ಲ.

ಹಾಗಾದರೆ ಹೇಗೆ ತೆಗೆಯಬೇಕು?

ಮೊದಲ ಕೆಲಸ ರೋಗಿಯನ್ನು ನಿಲ್ಲಿಸುವುದು. ಎದೆ ಡಿಟೆಕ್ಟರಿಗೆ (ಚಿತ್ರ ಹಿಡಿಯುವ ಫಲಕಕ್ಕೆ) ತಾಗಬೇಕು, ಕಿರಣ ಬೆನ್ನಿನಿಂದ ಬರಬೇಕು. ಕಿರಣ ಹೊರಡುವ ಟ್ಯೂಬಿಗೂ ಡಿಟೆಕ್ಟರಿಗೂ 180 ಸೆಂ.ಮೀ. ದೂರ ಇರಲಿ. 100 ಸೆಂ.ಮೀ.ಗೇ ಮುಗಿಸಿಬಿಟ್ಟರೆ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಮನೆಯವರಿಗೆ ಸುಮ್ನೆ ಗಾಬರಿ. ಕೈ ಸೊಂಟದ ಮೇಲೆ, ಭುಜ ಮುಂದಕ್ಕೆ. ಆಗ ಹೆಗಲ ಮೂಳೆ ಶ್ವಾಸಕೋಶದಿಂದ ಆಚೆ ಸರಿಯುತ್ತದೆ. ಕರಿಮಣಿ ತೆಗೆಸುವುದು ಎಲ್ಲರಿಗೂ ನೆನಪಿರುತ್ತದೆ, ಜಡೆ ಮರೆತುಹೋಗುತ್ತದೆ. ದಪ್ಪ ಜಡೆ ಹೆಗಲ ಮೇಲೆ ಬಿದ್ದಿದ್ದರೆ ಶ್ವಾಸಕೋಶದ ತುದಿಯಲ್ಲಿ ಟಿಬಿ ಕಲೆಯಂತೆ ನೆರಳು ಮೂಡುತ್ತದೆ. ಅದನ್ನು ಮೇಲೆತ್ತಿ ಕಟ್ಟಿಸಿ.

ಆಮೇಲೆ ಉಸಿರು. ನಮ್ಮ ಕಡೆ ಅಜ್ಜಿಯಂದಿರಿಗೆ ಕನ್ನಡದಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, "ಉಸುಲು ದೆಪ್ಪುಲೆ" ಎಂದು ತುಳುವಿನಲ್ಲಿ ಹೇಳಿದರೆ ನಿಜವಾಗಿ ಎಳೆದುಕೊಳ್ಳುತ್ತಾರೆ. ಚಿತ್ರದಲ್ಲಿ ವಪೆಯ (ಎದೆ–ಹೊಟ್ಟೆ ನಡುವಿನ ಪರದೆಯ) ಮೇಲೆ ಹಿಂಬದಿಯ 9–10 ಪಕ್ಕೆಲುಬು ಎಣಿಸಲು ಸಿಕ್ಕರೆ ಉಸಿರು ಸಾಕಷ್ಟು ತುಂಬಿದೆ ಎಂದು ಲೆಕ್ಕ.

ಈಗ ಬಟನ್‌ಗಳಿಗೆ ಬರೋಣ. ಕೆವಿ ಎಂದರೆ ಕಿರಣದ ನುಗ್ಗುವ ಶಕ್ತಿ. ಎಂಎಎಸ್ ಎಂದರೆ ಎಷ್ಟು ಕಿರಣ ಎನ್ನುವ ಲೆಕ್ಕ: ಟ್ಯೂಬಿನ ಕರೆಂಟನ್ನು (ಎಂಎ) ಸೆಕೆಂಡಿನಿಂದ ಗುಣಿಸಿದ್ದು. ಎದೆಗೆ ಗ್ರಿಡ್ (ಡಿಟೆಕ್ಟರಿನ ಮುಂದಿನ ಜಾಲರಿ) ಇಟ್ಟುಕೊಂಡು 110ರಿಂದ 125 ಕೆವಿ ಕೊಡುವುದು ರೂಢಿ. 60–70 ಕೆವಿಯಲ್ಲಿ ತೆಗೆದರೆ ಪಕ್ಕೆಲುಬುಗಳು ಬಿಳಿ ಸರಳುಗಳಂತೆ ಎದ್ದು ಕಾಣುತ್ತವೆ, ಅವುಗಳ ಹಿಂದಿನ ಶ್ವಾಸಕೋಶ ಮರೆಯಾಗುತ್ತದೆ. ಪಕ್ಕೆಲುಬು ಮುರಿದಿದೆಯೇ ಎಂದು ನೋಡಲು ಅದು ಸರಿ, ನ್ಯುಮೋನಿಯಾ ಹುಡುಕಲು ಅಲ್ಲ. ಕೆವಿ ಏರಿಸಿದಾಗ ಕಪ್ಪು–ಬಿಳುಪಿನ ವ್ಯತ್ಯಾಸ ಸ್ವಲ್ಪ ಮಂಕಾಗುತ್ತದೆ ನಿಜ. ಆದರೆ ಹೃದಯದ ಹಿಂದೆ ಬೆನ್ನುಮೂಳೆ ತೆಳುವಾಗಿ ಇಣುಕುತ್ತದೆ. ನಮಗೆ ಬೇಕಾದ್ದೂ ಅದೇ ಅಲ್ವಾ?

ಡೋಸ್, ಅಂದರೆ ರೋಗಿಯ ಮೈಗೆ ಬೀಳುವ ಕಿರಣ, ಉಳಿಯುವುದೂ ಇಲ್ಲೇ. ಕೆವಿಯನ್ನು 15% ಏರಿಸಿದರೆ ಎಂಎಎಸ್ ಅರ್ಧಕ್ಕೆ ಇಳಿಸಬಹುದು, ಡಿಟೆಕ್ಟರಿಗೆ ಹೆಚ್ಚುಕಡಿಮೆ ಅಷ್ಟೇ ಕಿರಣ ತಲುಪುತ್ತದೆ. ಉದಾಹರಣೆಗೆ 100 ಕೆವಿ, 4 ಎಂಎಎಸ್ ಬದಲು 115 ಕೆವಿ, 2 ಎಂಎಎಸ್. ಬೆನ್ನಿನ ಚರ್ಮಕ್ಕೆ ಬೀಳುವ ಡೋಸ್ ಸುಮಾರು ಮೂರನೇ ಒಂದು ಪಾಲು ತಗ್ಗುತ್ತದೆ. ಆ 2 ಎಂಎಎಸ್ಸನ್ನೂ ನಿಧಾನವಾಗಿ ಕೊಡಬೇಡಿ. 50 ಎಂಎ, 0.04 ಸೆಕೆಂಡಿಗಿಂತ 200 ಎಂಎ, 0.01 ಸೆಕೆಂಡ್ ಒಳ್ಳೆಯದು. ರೋಗಿ ಉಸಿರು ಹಿಡಿದರೂ ಹೃದಯ ಬಡಿಯುವುದನ್ನು ನಿಲ್ಲಿಸುವುದಿಲ್ಲವಲ್ಲ!

ಗ್ರಿಡ್ ಚದುರಿದ ಕಿರಣವನ್ನು ತಡೆದು ಚಿತ್ರದ ಕಪ್ಪು–ಬಿಳುಪನ್ನು ಸ್ಪಷ್ಟ ಮಾಡುತ್ತದೆ. ಅದರ ಜೊತೆ ಬೇಕಾದ ಕಿರಣವನ್ನೂ ಒಂದಿಷ್ಟು ನುಂಗುತ್ತದೆ, ಹಾಗಾಗಿ ಡೋಸ್ ಏರಿಸಬೇಕಾಗುತ್ತದೆ. ಮಲ್ಪೆ ಬಂದರಿನಲ್ಲಿ ಬಲೆ ಎಳೆದು ಗಟ್ಟಿಯಾದ ಎದೆಗೆ ಗ್ರಿಡ್ ಬೇಕೇ ಬೇಕು. ಪುಟ್ಟ ಮಕ್ಕಳ ಎದೆಗೆ ಬೇಡ, ತೆಗೆದಿಡಿ. ಕಿರಣದ ಅಗಲ ಹೊಂದಿಸುವ ಕಾಲಿಮೇಟರಿನ ಬೆಳಕನ್ನು ಎದೆಯಷ್ಟಕ್ಕೇ ಕಿರಿದುಗೊಳಿಸಿ. ಹೊಟ್ಟೆ, ಗಲ್ಲ ಎಲ್ಲ ಸೇರಿಸಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸುವವರಿದ್ದಾರೆ. ಚಿತ್ರ ಕತ್ತರಿಸಬಹುದು, ಹೊಟ್ಟೆಗೆ ಬಿದ್ದ ಡೋಸ್ ಕತ್ತರಿಸಲಾಗದು.

ಇಷ್ಟು ಓದಿ ಎಕ್ಸ್‌ರೇ ಎಂದರೆ ಹೆದರಬೇಡಿ. ಸರಿಯಾಗಿ ತೆಗೆದ ಒಂದು ಎದೆ ಚಿತ್ರಕ್ಕೆ ಸುಮಾರು 0.02 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ). ಪ್ರಕೃತಿಯಿಂದಲೇ ನಮಗೆ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ 2.4 ಮಿಲಿಸೀವರ್ಟ್ ಸಿಗುತ್ತದೆ. ಅಂದರೆ ಒಂದು ಎಕ್ಸ್‌ರೇ ಮೂರು ದಿನದ ಪಾಲು. ಉಳ್ಳಾಲದ ಕಡಲ ಮರಳಿನಲ್ಲೂ ಥೋರಿಯಂ ಇರುವ ಮೊನಜೈಟ್ ಇದೆ, ಆದರೂ ಅಲ್ಲಿ ಸಂಜೆ ಕೂತು ಚರುಮುರಿ ತಿನ್ನುತ್ತೇವೆ.

ಟೆಕ್ನಿಷಿಯನ್‌ಗಳಿಗೆ ಇನ್ನೊಂದು ಮಾತು. ಒಳ್ಳೆಯ ಚಿತ್ರ ಬಂದಾಗ ರೋಗಿಯ ಮೈಕಟ್ಟು, ಕೆವಿ, ಎಂಎಎಸ್, ಇಂಡೆಕ್ಸ್ ನಾಲ್ಕನ್ನೂ ಬರೆದಿಡಿ. ತಿಂಗಳಲ್ಲಿ ನಿಮ್ಮದೇ ಚಾರ್ಟ್ ಆಗುತ್ತದೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಕನ್ಸೋಲಿನ ಪಕ್ಕ ಅಂಟಿಸಿ. ನನ್ನ ಮೊದಲ ಚಾರ್ಟಿಗೆ ಜುಲೈ ಮಳೆಯಲ್ಲಿ ಬೂಷ್ಟು ಹಿಡಿದು, ಎಂಎಎಸ್ ಸಾಲಿನ ಚುಕ್ಕೆ ಯಾವುದು, ಬೂಷ್ಟಿನ ಚುಕ್ಕೆ ಯಾವುದು ಎಂದೇ ತಿಳಿಯುತ್ತಿರಲಿಲ್ಲ.