ಹಳೇ ವೈಟ್‌ಮೆಟಲ್ ಲೋಟಸ್ 72: 43ರಿಂದ ಭಾಗಿಸಿ ಕಟ್ಟಿದ್ದು

ಹಳೆಯ 1/43 (ನಿಜವಾದ ಕಾರಿನ 43ರಲ್ಲಿ ಒಂದು ಪಾಲು ಅಳತೆಯ) ಮಾದರಿ ಕಾರಿನ ವೈಟ್‌ಮೆಟಲ್, ಅಂದರೆ ಸೀಸ ಬೆರೆತ ಮೆತ್ತನೆ ಲೋಹದ, ಕಿಟ್‌ಗಳಲ್ಲಿ ಆಕಾರ ಬಹುಮಟ್ಟಿಗೆ ಸರಿಯಾಗೇ ಇರುತ್ತದೆ, ಕೆಡುವುದು ದಪ್ಪದಲ್ಲಿ. ರಬ್ಬರ್ ಅಚ್ಚಿನೊಳಗೆ ಕರಗಿದ ಲೋಹ ತುದಿವರೆಗೂ ಹರಿಯಬೇಕೆಂದು ಭಾಗಗಳನ್ನು ಒಂದು ಮಿಲಿಮೀಟರ್ ಆಸುಪಾಸು ದಪ್ಪ ಇಟ್ಟಿರುತ್ತಾರೆ. ಆ ಒಂದು ಮಿಲಿಮೀಟರ್ ನಿಜವಾದ ಕಾರಿನ ಲೆಕ್ಕದಲ್ಲಿ 43 ಮಿಲಿಮೀಟರ್. ತಗಡಿನ ರೆಕ್ಕೆ ಮರದ ಹಲಗೆಯಂತೆ ಕಾಣುವುದು ಅದಕ್ಕೇ. ಹಾಗಾಗಿ 1972ರ ಲೋಟಸ್ 72ಡಿ ಕಟ್ಟಲು ಕೂತಾಗ ಮೊದಲು ಕೈಗೆತ್ತಿಕೊಂಡಿದ್ದು ವರ್ನಿಯರ್ ಕ್ಯಾಲಿಪರ್. ಎಮರ್ಸನ್ ಫಿಟ್ಟಿಪಾಲ್ಡಿ ಫಾರ್ಮುಲಾ ಒನ್ ರೇಸಿನಲ್ಲಿ ಚಾಂಪಿಯನ್ ಆದ ಕಪ್ಪು-ಚಿನ್ನದ ಕಾರು ಇದು. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2540 ಮಿ.ಮೀ., ಅಂದರೆ ಮಾದರಿಯಲ್ಲಿ 59. ಕಿಟ್‌ನಲ್ಲಿ 58.5 ಸಿಕ್ಕಿತು, ಅದನ್ನು ಮುಟ್ಟಲಿಲ್ಲ.

ರಟ್ಟಿನ ಡಬ್ಬಿಯಲ್ಲಿ ದಶಕಗಟ್ಟಲೆ ಇದ್ದ ಭಾಗಗಳ ಮೇಲೆ ಬೂದಿಯಂಥ ಬಿಳಿ ಪುಡಿ ಕೂತಿರುತ್ತದೆ. ಲೋಹದಲ್ಲಿರುವ ಸೀಸ ರಟ್ಟಿನಿಂದ ಹೊರಡುವ ಆಮ್ಲದ ಆವಿಗೆ ಹೀಗೆ ತುಕ್ಕು ಹಿಡಿಯುತ್ತದೆ. ನಮ್ಮ ತುಮಕೂರಿನಲ್ಲಿ ಹಿತ್ತಾಳೆ ಪಾತ್ರೆ ಕಂಡರೆ ಕೈ ಹುಣಸೆಹಣ್ಣಿಗೆ ಹೋಗುವುದು ರೂಢಿ. ಇಲ್ಲಿ ಅದು ಬೇಡ, ವಿನಿಗರ್ ಕೂಡ ಬೇಡ. ಹುಳಿ ಲೋಹದ ಸಣ್ಣ ರಂಧ್ರಗಳಲ್ಲಿ ಉಳಿದು, ಬಣ್ಣದ ಕೆಳಗೆ ಮತ್ತೆ ಪುಡಿ ಎಬ್ಬಿಸುತ್ತದೆ. ಪಾತ್ರೆ ತೊಳೆಯುವ ಸೋಪು, ನೀರು, ಹಿತ್ತಾಳೆ ತಂತಿಯ ಸಣ್ಣ ಬ್ರಷ್ ಸಾಕು. ಒಣಗಿದ್ದಾಗ ಉಜ್ಜಬಾರದು, ಸೀಸದ ದೂಳು ಮೂಗಿಗೆ ಹೋಗುತ್ತದೆ. ತೊಳೆದ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬೇಡಿ.

ಅಚ್ಚಿನ ಜೋಡು ಗೆರೆ ತೆಗೆಯಲು ಅಕ್ಕಸಾಲಿಗರ ಸಣ್ಣ ಅರಗಳೇ ಸರಿ. ಮೆತ್ತನೆಯ ಲೋಹ ಎರಡು ಎಳೆತಕ್ಕೇ ಅರದ ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಕಚ್ಚಿದ ಚೂರು ಮೈಮೇಲೆ ಗೀರು ಹಾಕುತ್ತದೆ. ಅರಕ್ಕೆ ಮೊದಲೇ ಸೀಮೆಸುಣ್ಣ ತಿಕ್ಕಿಟ್ಟರೆ ಪುಡಿ ತಾನಾಗಿ ಉದುರುತ್ತದೆ. ಡ್ರಿಲ್ ಬಿಟ್‌ಗೆ ಮೇಣದಬತ್ತಿ ಮುಟ್ಟಿಸಿ. ಇಲ್ಲದಿದ್ದರೆ 0.5 ಮಿ.ಮೀ. ಬಿಟ್ ತೂತಿನೊಳಗೇ ಸಿಕ್ಕಿ ಮುರಿಯುತ್ತದೆ. ಅರದ ನಂತರ 400, 600, 1000 ವಾಟರ್ ಪೇಪರ್, ನೀರು ಹಾಕಿಯೇ.

ಇನ್ನು ಸಸ್ಪೆನ್ಷನ್. ಈ ಮಾದರಿಯ ಜೀವ ಇರುವುದು ಇಲ್ಲೇ. ಚಕ್ರವನ್ನು ಒಡಲಿಗೆ ಹಿಡಿದಿಡುವ ವಿಶ್‌ಬೋನ್ ತೋಳುಗಳು ಕಿಟ್‌ನಲ್ಲಿ 1.1 ಮಿ.ಮೀ. ದಪ್ಪ ಇದ್ದವು, ನಿಜದಲ್ಲಿ 47 ಮಿ.ಮೀ. ಆಯಿತು. ಒಂದು ಇಂಚಿನ ಕೊಳವೆ ಎಂದು ಲೆಕ್ಕ ಹಿಡಿದರೆ ಬೇಕಾದದ್ದು 0.59. ಮೆಡಿಕಲ್ ಸ್ಟೋರಿನ 24 ಗೇಜ್ ಇಂಜೆಕ್ಷನ್ ಸೂಜಿಯ ಹೊರವ್ಯಾಸ ಸುಮಾರು 0.57. ಹೊಸ ಸೂಜಿಯನ್ನೇ ತನ್ನಿ, ಚೂಪು ತುದಿಯನ್ನು ಮೊದಲು ಸವೆಸಿ. ಕಟಿಂಗ್ ಪ್ಲೇಯರ್ ಹಾಕಿದರೆ ಕೊಳವೆ ಚಪ್ಪಟೆಯಾಗುತ್ತದೆ. ಅರದ ಅಂಚಿನಿಂದ ಸುತ್ತಲೂ ಗೀರಿ, ಆಚೀಚೆ ಅಲ್ಲಾಡಿಸಿದರೆ ನೀಟಾಗಿ ಮುರಿಯುತ್ತದೆ. ಹಳೇ ತೋಳನ್ನು ಕತ್ತರಿಸುವ ಮೊದಲು ಅದರ ಉದ್ದ, ಕೋನ ಎರಡನ್ನೂ ಗ್ರಾಫ್ ಕಾಗದದ ಮೇಲೆ ಗುರುತಿಸಿಕೊಳ್ಳಿ. ಕತ್ತರಿಸಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ.

ಮುಂದಿನ ಚಕ್ರಗಳ ನಡುವೆ ಕಿಟ್‌ನಲ್ಲಿ ಒಂದು ಉಕ್ಕಿನ ಅಚ್ಚುಕಡ್ಡಿ ಬರುತ್ತದೆ. ಎತ್ತಿನಗಾಡಿ ಅಚ್ಚಿನಂತಿದೆ ಎಂದು ಅದನ್ನು ಪೂರ್ತಿ ಕಿತ್ತುಹಾಕಬೇಡಿ. ಲೋಟಸ್ 72ರ ಮುಂದಿನ ಬ್ರೇಕ್ ಡಿಸ್ಕ್ ಚಕ್ರದೊಳಗಿಲ್ಲ, ಕಾರಿನ ಒಡಲಿನಲ್ಲಿದೆ. ಅಲ್ಲಿಂದ ಚಕ್ರಕ್ಕೆ ನಿಜವಾಗಿಯೂ ಒಂದು ಶಾಫ್ಟ್ ಹೋಗುತ್ತದೆ. ಒಡಲಿನಿಂದ ಹೊರಗೆ ಕಾಣುವ ಭಾಗ ಶಾಫ್ಟ್ ಆಗಿ ಹಾಗೇ ಉಳಿಯಲಿ.

ಜೋಡಣೆಗೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ (ಎರಡು ಟ್ಯೂಬಿನ ಎಪಾಕ್ಸಿ ಅಂಟು), ಎರಡೂ ಟ್ಯೂಬಿನಿಂದ ಸಮ ಸಮ, ಒಂದು ರಾತ್ರಿ ಬಿಡಬೇಕು. ಸೂಪರ್ ಗ್ಲೂ ಬೇಗ ಹಿಡಿಯುತ್ತದೆ ನಿಜ, ಆದರೆ ಭಾರದ ಲೋಹ ಸಣ್ಣ ಪೆಟ್ಟಿಗೂ ಬಿಟ್ಟುಕೊಳ್ಳುತ್ತದೆ. ಸೋಲ್ಡರಿಂಗ್ ಐರನ್ ಅನ್ನು ಮಾಮೂಲಿ ಬಿಸಿಯಲ್ಲಿ ಮುಟ್ಟಿಸಿದರೆ ಬೆಸುಗೆಗಿಂತ ಮೊದಲು ಭಾಗವೇ ಕರಗಿ ಹೋಗಬಹುದು. ನಿಧಾನದ ಅಂಟಿನ ದೊಡ್ಡ ಲಾಭ ಬೇರೆಯೇ: ಕಾರನ್ನು ಗಾಜಿನ ಮೇಲಿಟ್ಟು, ನಾಲ್ಕೂ ಟೈರಿನ ಕೆಳಗೆ ಒಂದೊಂದು ಕಾಗದದ ಪಟ್ಟಿ ತೂರಿಸಿ ಎಳೆದು ನೋಡಲು ಸಮಯ ಸಿಗುತ್ತದೆ. ಯಾವುದು ಸಲೀಸಾಗಿ ಬರುತ್ತದೋ ಆ ಚಕ್ರ ಗಾಳಿಯಲ್ಲಿದೆ ಎಂದರ್ಥ. ಮೂರು ಕಾಲಿನ ಮೇಲೆ ನಿಂತ ರೇಸ್ ಕಾರಿಗೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ವ್ಯರ್ಥ.

ಎಂಜಿನ್ ಕಾಸ್‌ವರ್ತ್ ಡಿಎಫ್‌ವಿ, ವಿ8, ಅಂದರೆ ಎಂಟು ಸಿಲಿಂಡರಿನದು. ಎಂಟು ಸ್ಪಾರ್ಕ್ ಪ್ಲಗ್, ಎಂಟು ವೈರ್. ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವವರ ಬಳಿ 36 ಗೇಜ್ ತಂತಿ ತುಂಡು ಕೇಳಿದರೆ ಕೊಡುತ್ತಾರೆ. ಅದು 0.19 ಮಿ.ಮೀ., 43ರಿಂದ ಗುಣಿಸಿದರೆ 8 ಮಿ.ಮೀ. ಚಿಲ್ಲರೆ. ಪ್ಲಗ್ ವೈರ್ ಅಂದರೆ ಅಷ್ಟೇ ದಪ್ಪ. ಹಿಂದಿನ ರೆಕ್ಕೆಯ ಎರಡೂ ತುದಿಗೆ ನಿಲ್ಲುವ ತಗಡುಗಳನ್ನು ತಂಪು ಪಾನೀಯದ ಕ್ಯಾನ್‌ನಿಂದ ಕತ್ತರಿಸಿದೆ, ದಪ್ಪ ಸುಮಾರು 0.1. ಒಳಗಿನ ಲ್ಯಾಕರ್ ಪದರ ಉಜ್ಜಿ ತೆಗೆಯದಿದ್ದರೆ ಅಂಟು ಹಿಡಿಯುವುದಿಲ್ಲ.

ಎಚ್ (etch) ಪ್ರೈಮರ್, ಅಂದರೆ ಲೋಹಕ್ಕೆ ಕಚ್ಚಿ ಹಿಡಿಯುವ ತಳಬಣ್ಣ, ಒಂದು ತೆಳು ಕೋಟ್, ಆಮೇಲೆ ಕಾರು ಬಣ್ಣದಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಕಪ್ಪು. ಒಂದಕ್ಕೆ ಎರಡು ಪಾಲು ಥಿನ್ನರ್, ಏರ್‌ಬ್ರಷ್‌ಗೆ 0.3 ಮಿ.ಮೀ. ನಾಝಲ್, ಗಾಳಿಯ ಒತ್ತಡ 20 ಪಿಎಸ್‌ಐ, ನಾಲ್ಕು ತೆಳು ಕೋಟ್. ಮಳೆಗಾಲದ ಸಂಜೆ ಹೊಡೆದರೆ ಕಪ್ಪಿನ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮಂಕು ಕವಿಯುತ್ತದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುವುದರಿಂದ ಹೀಗಾಗುತ್ತದೆ. ಬಿಸಿಲಿರುವ ಮಧ್ಯಾಹ್ನ ಹೊಡೆಯಿರಿ. ಮಂಕು ಬಂದೇ ಬಿಟ್ಟರೆ, ಒಣಹವೆಯ ದಿನ ಮೇಲೆ ಬರೀ ಥಿನ್ನರ್ ತೆಳುವಾಗಿ ಹಾಯಿಸಿದರೆ ಬಹುಪಾಲು ಬಿಡುತ್ತದೆ.

ಹಳೇ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಅಕ್ಷರ-ಗೆರೆಗಳ) ಹಾಳೆಯಿಂದ ಬೇಡದ ಒಂದು ಅಕ್ಷರವನ್ನು ಮೊದಲು ನೀರಿಗೆ ಹಾಕಿ ನೋಡಿ. ನನ್ನದು ಹಪ್ಪಳದಂತೆ ಚೂರಾಯಿತು. ಉಳಿದ ಹಾಳೆಗೆ ಎರಡು ತೆಳು ಕೋಟ್ ಕ್ಲಿಯರ್ (ಬಣ್ಣವಿಲ್ಲದ ಲ್ಯಾಕರ್) ಹೊಡೆದು ಒಂದು ದಿನ ಒಣಗಿಸಿದೆ. ಈಗ ಇಡೀ ಹಾಳೆ ಒಂದೇ ಪೊರೆ, ಆದ್ದರಿಂದ ಪ್ರತಿ ಗೆರೆಯನ್ನೂ ಅಂಚಿಗೆ ಹತ್ತಿ ಕತ್ತರಿಸಬೇಕು. ಉದ್ದನೆಯ ಚಿನ್ನದ ಗೆರೆಯನ್ನು ಮೂಗಿನಿಂದ ಶುರು ಮಾಡಿ ಹಿಂದಕ್ಕೆ ಕೂರಿಸಿ. ನಡುವಿನಿಂದ ಹಿಡಿದರೆ ಎರಡೂ ತುದಿ ಬಾಗುತ್ತವೆ.

ಟೈರಿಗೆ ಕೊನೆಯ ಕೆಲಸ. ಆ ಹೊತ್ತಿಗೆ ಫಾರ್ಮುಲಾ ಒನ್‌ಗೆ ಸ್ಲಿಕ್, ಅಂದರೆ ಗೀರುಗಳಿಲ್ಲದ ನುಣುಪು, ಟೈರ್ ಬಂದಾಗಿತ್ತು. ಚಕ್ರವನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನ ತಿರುಗಿಸುತ್ತಾ 220 ನಂಬರಿನ ಉಜ್ಜುಕಾಗದ ಮುಟ್ಟಿಸಿದರೆ ಅಚ್ಚಿನ ಗೆರೆಯೂ ಹೊಳಪೂ ಹೋಗಿ, ಹತ್ತು ಸುತ್ತು ಓಡಿ ಬಂದ ರಬ್ಬರಿನ ಬೂದುಗಪ್ಪು ಮೂಡುತ್ತದೆ.